ಸುಧಾರಿತ ಸೀಲಿನ ಸುದ್ದಿ

ಒಂದೇ ಒಂದು ಸುಳ್ಳು ಬರೆಯದೆ ನಿಜದ ಪಕ್ಕದಿಂದ ಹಾದುಹೋಗುವುದು ಒಂದು ವಿದ್ಯೆ. ನನಗೆ ಅದಕ್ಕಾಗಿ ಸಂಬಳ ಕೊಡುತ್ತಿದ್ದರು. ಕಾರ್ಖಾನೆಗಳಿಗೆ ಪಂಪ್ ಮಾಡಿಕೊಡುವ ಕಂಪನಿಯೊಂದರಲ್ಲಿ ಎರಡು ತಿಂಗಳಿಗೊಮ್ಮೆ ಬರುವ ಎಂಟು ಪುಟದ 'ಕಂಪನಿ ಸುದ್ದಿ'ಯನ್ನು ಬರೆದು, ಅಚ್ಚು ಹಾಕಿಸಿ, ಹಂಚುವುದು ನನ್ನ ಕೆಲಸ. ಮುಂದಿನ ಪುಟಗಳಲ್ಲಿ ಯಾರು ಬಂದರು, ಯಾರು ಹಾರ ಹಾಕಿದರು ಎಂಬುದು. ಹಿಂದಿನ ಪುಟಗಳಲ್ಲಿ ಹೊಸ ಪಂಪ್ ಯಾವುದು, ಹಳೆಯದರಲ್ಲಿ ಏನು ಬದಲಾಯಿತು ಎಂಬುದು. ಏಳು ಪುಟ ಇಂಗ್ಲಿಷ್, ಕೊನೆಯದೊಂದು ಕನ್ನಡ.

ಈಗ ನನ್ನ ಕುರ್ಚಿಯಲ್ಲಿ ಕೂತಿರುವ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ಏನ್ ಬರೀಬೇಕು ಅಂತ ಎಲ್ರೂ ಹೇಳ್ತಾರೆ, ಏನ್ ಬರೀಬಾರ್ದು ಅಂತ ಒಬ್ರೂ ಹೇಳಲ್ಲ. ಬರೆದ್ಮೇಲೆ ಬೈತಾರೆ" ಎಂದಳು. ಅವಳಿಗೂ, ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ನಾನು ಬರೆದದ್ದರಲ್ಲಿ ಹೆಚ್ಚಿನದನ್ನು ಯಾರೂ ಓದಲಿಲ್ಲ, ಅದರಿಂದ ಯಾರಿಗೂ ಏನೂ ಆಗಲಿಲ್ಲ. ಒಂದು ಸಲ ಮಾತ್ರ, ಅದರೊಳಗಿನ ಒಂದು ಪದದ ಮೇಲೆ ಗಂಗಹನುಮಯ್ಯ ಎಂಬ ಫಿಟ್ಟರ್ ಒಬ್ಬರ ಕೆಲಸವೂ ಹೆಸರೂ ನಿಂತುಬಿಟ್ಟಿದ್ದವು. ಆ ಕಥೆಗೆ ಬರುವ ಮೊದಲು ಈ ಉದ್ಯೋಗ ಎಂಥದು ಎಂದು ಸ್ವಲ್ಪ ಹೇಳಬೇಕು.

ನಮ್ಮ ಮನೆಯಲ್ಲಿ ಡಿಗ್ರಿ ಎಂದರೆ ಜ್ವರ ಅಳೆಯುವ ಡಿಗ್ರಿ ಮಾತ್ರ. ಅಪ್ಪ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಇಳಿಸುತ್ತಿದ್ದರು, ಅಮ್ಮ ಮನೆಯಲ್ಲೇ ಊದಿನಕಡ್ಡಿ ಹೊಸೆಯುತ್ತಿದ್ದಳು. ನಾನು ಹಗಲು ಇದೇ ಕಂಪನಿಯಲ್ಲಿ ಟೈಪಿಸ್ಟ್, ಸಂಜೆ ಕಾಲೇಜು. ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದಲ್ಲಿ ಮುಗಿಸಿದೆ. ಐಚ್ಛಿಕ ಕನ್ನಡ ತೆಗೆದುಕೊಂಡಿದ್ದಕ್ಕೆ ಚಿಕ್ಕಬಾಣಾವರದ ನಮ್ಮ ಬೀದಿಯವರು, "ಕನ್ನಡ ನಿಂಗ್ ಬರ್ತಿತ್ತಲ್ಲಮ್ಮ, ಅದ್ನ ಯಾಕ್ ಓದೋಕ್ ಹೋದೆ?" ಎಂದು ಕೇಳಿದ್ದುಂಟು. ಪಾಸಾದ ಮರುವಾರವೇ ಮೇಜಿನ ಮೇಲೆ 'ಜಯಮ್ಮ, ಬಿ.ಎ.' ಎಂದು ಫಲಕ ಇಟ್ಟುಕೊಂಡೆ. ಯಂತ್ರಗಳ ಮೇಲೆ ಕೆಲಸ ಮಾಡುವ ಶಾಪ್ ಫ್ಲೋರಿನವರು 'ಬಿ.ಎ. ಮೇಡಂ' ಎಂದು ಕರೆಯತೊಡಗಿದರು. ಅದರಲ್ಲಿ ಅರ್ಧ ತಮಾಷೆ ಇತ್ತು, ಗೊತ್ತಿತ್ತು. ಆರು ವರ್ಷ ಕೊಟ್ಟು ಪಡೆದ ಎರಡಕ್ಷರ. ಬೇಡ ಎನ್ನಲಿಲ್ಲ.

ಡಿಗ್ರಿ ಬಂದ ಮೇಲೆ ಸುದ್ದಿಪತ್ರ ನನ್ನ ತಲೆಗೆ ಬಂತು. ತಲೆ ಎಂದ ಕೂಡಲೇ ಮೊದಲ ಎಡವಟ್ಟು ನೆನಪಾಗುತ್ತದೆ. ಪಂಪು ನೀರನ್ನು ಎಷ್ಟು ಎತ್ತರಕ್ಕೆ ತಳ್ಳುತ್ತದೆ ಎಂಬುದನ್ನು ಈ ಉದ್ಯಮದಲ್ಲಿ 'ಹೆಡ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿದ್ದ ಮಾಹಿತಿಯನ್ನು ಕನ್ನಡ ಪುಟಕ್ಕೆ ಇಳಿಸುವಾಗ ನಾನು ಶ್ರದ್ಧೆಯಿಂದ 'ಈ ಹೊಸ ಪಂಪಿನ ತಲೆ ಮೂವತ್ತು ಮೀಟರ್' ಎಂದು ಬರೆದೆ. ಮರುದಿನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಹಿಂದಿನಿಂದ ಒಬ್ಬರು ಬಹಳ ವಿನಯದಿಂದ ಕೇಳಿದರು: "ಬಿ.ಎ. ಮೇಡಂ, ಮೂವತ್ ಮೀಟರ್ ತಲೆಗೆ ವಾರಕ್ಕೆ ಎಷ್ಟ್ ಲೀಟರ್ ಎಣ್ಣೆ ಆಕ್ಬೇಕು?"

ಕೇಳಿದವರೇ ಗಂಗಹನುಮಯ್ಯ. ಅಬ್ಬಿಗೆರೆಯವರು. ಅಸೆಂಬ್ಲಿ ವಿಭಾಗದಲ್ಲಿ ಪಂಪಿನ ಬಿಡಿಭಾಗಗಳನ್ನು ಜೋಡಿಸುವ ಹಿರಿಯ ಫಿಟ್ಟರ್. ನಾನು ಮುಖ ಊದಿಸಿಕೊಂಡು ಹೋದೆ. ಆದರೆ ಊಟವಾದ ಮೇಲೆ ಅವರೇ ಬಂದು ಹೆಡ್ ಎಂದರೆ ಏನು, ಫ್ಲೋ ಎಂದರೆ ಏನು, ನೀರಿಲ್ಲದೆ ಪಂಪ್ ಓಡಿಸಿದರೆ ಯಾವುದು ಮೊದಲು ಸುಡುತ್ತದೆ ಎಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದರು. ಕಾಲೇಜು ನನಗೆ ಹಳಗನ್ನಡ ಕಲಿಸಿತ್ತು. ಪಂಪ್ ಕಲಿಸಿದವರು ಅವರು. ಅಂದಿನಿಂದ ಕನ್ನಡ ಪುಟದ ಕರಡನ್ನು ಅವರಿಗೆ ತೋರಿಸದೆ ಕಳಿಸುತ್ತಿರಲಿಲ್ಲ.

ಎರಡನೆಯ ಎಡವಟ್ಟು ಫೋಟೋದ್ದು. ಯಾರೇ ದೊಡ್ಡವರು ಬರಲಿ, ಪಂಪನ್ನು ಓಡಿಸಿ ನೋಡುವ ಟೆಸ್ಟ್ ಬೆಡ್ಡಿನ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತಿದ್ದೆವು. ಪಂಪ್ ಓಡುತ್ತಿದ್ದರೆ ಮಾತು ಕೇಳಿಸದು, ಹಾಗಾಗಿ ಮೊದಲೇ ನಿಲ್ಲಿಸಿಬಿಡುತ್ತಿದ್ದರು. 'ಪಂಪಿನ ಸಾಮರ್ಥ್ಯವನ್ನು ಕುತೂಹಲದಿಂದ ವೀಕ್ಷಿಸುತ್ತಿರುವ ಗಣ್ಯರು' ಎಂದು ನಾನು ಅಡಿಬರಹ ಕೊಡುತ್ತಿದ್ದೆ. ಹೀಗೆ ಎಷ್ಟೋ ಸಂಚಿಕೆ ನಡೆಯಿತು. ಆಮೇಲೆ ಹುಬ್ಬಳ್ಳಿಯ ಡೀಲರ್ ಒಬ್ಬರು ಫೋನ್ ಮಾಡಿ, "ಮೇಡಮ್ಮಾರ, ನಿಮ್ಮ ಗಣ್ಯರು ನೋಡಾಕತ್ತಿದ್ದ ಮೀಟರಿನ ಮುಳ್ಳು ಸೊನ್ನಿ ಮ್ಯಾಲ ಐತ್ರಿ" ಎಂದರು. ಹಳೆಯ ಸಂಚಿಕೆಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲದರಲ್ಲೂ ಸೊನ್ನೆ. ಅದಕ್ಕೆ ಮೇಲಿನವರು ಕಂಡುಕೊಂಡ ಪರಿಹಾರ: ಮುಂದಿನ ಸಲದಿಂದ ಗಣ್ಯರನ್ನು ಮೀಟರಿಗೆ ಅಡ್ಡ ನಿಲ್ಲಿಸುವುದು.

ವಿಧಾನಗಳು ಬದಲಾದವು. ನಾನು ಶುರು ಮಾಡಿದಾಗ ಸ್ಟೆನ್ಸಿಲ್ ಕೊರೆದು ಕೈಗೆಲ್ಲ ಮಸಿ ಮಾಡಿಕೊಳ್ಳುತ್ತಿದ್ದೆವು. ಆಮೇಲೆ ರಾಜಾಜಿನಗರದ ಪ್ರೆಸ್ಸು, ಡಿಟಿಪಿ, ಇ-ಮೇಲು, ನಾನು ಬಿಡುವ ಹೊತ್ತಿಗೆ ವಾಟ್ಸಾಪು. ಸ್ಟೆನ್ಸಿಲ್ ಕಾಲದಲ್ಲಿ ಒಂದು ತಪ್ಪು ಇನ್ನೂರು ಜನರನ್ನು ತಲುಪಲು ವಾರ ಬೇಕಾಗುತ್ತಿತ್ತು. ಈಗ ಗೊರಗುಂಟೆಪಾಳ್ಯದ ಸಿಗ್ನಲ್ ಬಿಡುವುದರೊಳಗೆ ತಲುಪುತ್ತದೆ. ಪ್ರಗತಿ ಎಂದರೆ ಇದೇ ಇರಬೇಕು.

ಬದಲಾಗದೆ ಉಳಿದದ್ದು ಶೇಷಾದ್ರಿ ಸಾರ್ ಅವರ ಪದಗಳ ಪಟ್ಟಿ. ಅವರು ಮಾರ್ಕೆಟಿಂಗ್ ಮ್ಯಾನೇಜರ್, ನನ್ನ ಮೇಲಧಿಕಾರಿ, ಒಳ್ಳೆಯ ಮನುಷ್ಯರೇ. ಕೆಲವು ಪದ ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಪಂಪು 'ಸೋರುತ್ತಿತ್ತು' ಎಂದು ಬರೆಯುವ ಹಾಗಿಲ್ಲ, 'ಈಗ ಇನ್ನಷ್ಟು ಬಿಗಿ' ಎಂದು ಬರೆಯಬೇಕು. 'ಮುರಿಯುತ್ತಿತ್ತು' ಇಲ್ಲ, 'ಹೆಚ್ಚು ಬಲಿಷ್ಠ'. 'ತಪ್ಪು' ಎಂಬ ಪದವಂತೂ ನನ್ನ ಸೇವೆಯುದ್ದಕ್ಕೂ ಇಂಗ್ಲಿಷ್ ಪುಟಗಳಲ್ಲಿ ಒಮ್ಮೆಯೂ ಅಚ್ಚಾಗಲಿಲ್ಲ. ಆ ಪುಟಗಳು ಮಾರ್ಕೆಟಿಂಗ್, ಪರ್ಸನಲ್, ವರ್ಕ್ಸ್ ಮ್ಯಾನೇಜರ್, ಎಂಡಿ, ಹೀಗೆ ನಾಲ್ಕು ಸಹಿ ದಾಟಿ ಬರಬೇಕಿತ್ತು. ಕನ್ನಡ ಪುಟಕ್ಕೆ ನನ್ನದೊಂದೇ ಸಹಿ. ಅದನ್ನು ನನ್ನ ಮೇಲಿನ ನಂಬಿಕೆ ಎಂದು ಬಹಳ ಕಾಲ ಹೆಮ್ಮೆಪಟ್ಟಿದ್ದೆ. ನಾಲ್ವರಲ್ಲಿ ಇಬ್ಬರಿಗೆ ಕನ್ನಡ ಓದಲು ಬರುವುದಿಲ್ಲ, ಬರುವ ಇಬ್ಬರಿಗೆ ಪುರುಸೊತ್ತಿಲ್ಲ ಎಂದು ಆಮೇಲೆ ಗೊತ್ತಾಯಿತು.

ಪಟ್ಟಿಯಲ್ಲಿ ಸಾರ್‌ಗೆ ಅತಿ ಪ್ರಿಯವಾದ ಪದ 'ಸುಧಾರಿತ'. ಯಾವ ಭಾಗ ಕೈಕೊಟ್ಟು ಬದಲಾಯಿಸಿದರೂ ಸುದ್ದಿಯಲ್ಲಿ ಅದು ಸುಧಾರಿತ ಬೇರಿಂಗ್, ಸುಧಾರಿತ ಇಂಪೆಲ್ಲರ್. ಶಾಪ್ ಫ್ಲೋರಿನವರು ಇದನ್ನು ಓದುವ ರೀತಿಯೇ ಬೇರೆಯಾಗಿತ್ತು. ಸಂಚಿಕೆ ಕೈಗೆ ಬಂದ ಕೂಡಲೇ ಕೊನೆಯ ಪುಟ ತಿರುಗಿಸಿ, "ಈ ಸಲ ಏನ್ ಸುಧಾರಿಸೈತೆ ನೋಡ್ರೋ" ಎನ್ನುವರು. ಬೇರಿಂಗ್ ಎಂದಿದ್ದರೆ, "ಓ, ಹಳೇ ಬೇರಿಂಗ್ ಎದ್ದೋಗಿತ್ತು ಅಂತಾಯ್ತು" ಎಂದು ತಲೆಯಾಡಿಸುವರು. ನಾನು ಬರೆದದ್ದನ್ನು ಸರಿಯಾಗಿ ಓದುತ್ತಿದ್ದವರು ಅವರು ಮಾತ್ರ.

ಒಂದು ಸಂಚಿಕೆಯಲ್ಲಿ 'ಬಿಸಿ ದ್ರವಗಳ ಪಂಪಿಗೆ ಸುಧಾರಿತ ಸೀಲ್' ಎಂದು ಬಂತು. ಪಂಪಿನ ದಂಡ ಹೊರಗೆ ಬರುವ ಕಡೆ ದ್ರವ ಸೋರದಂತೆ ತಡೆಯುವುದು ಸೀಲ್. ಅದರೊಳಗೆ ಒಂದು ರಬ್ಬರ್ ಬಳೆ ಇರುತ್ತದೆ. ಆ ರಬ್ಬರನ್ನು ಬದಲಾಯಿಸಿದ್ದರು, ಅಷ್ಟೇ. ನಾನು ಎಂದಿನಂತೆ ಬರೆದು ಮರೆತೆ.

ಎರಡು ತಿಂಗಳಾಗಿರಬಹುದು, ಹಾಲಿನ ಡೇರಿಯೊಂದರಿಂದ ದೂರು ಬಂತು. ಹಳೆಯ ಸೀಲಿನ ಪಂಪುಗಳು ಒಂದಾದ ಮೇಲೊಂದು ಸೋರುತ್ತಿವೆ. ಡೇರಿಯವರು ಕೊಳವೆಗಳನ್ನು ತೊಳೆಯಲು ಬಿಸಿ ಕಾಸ್ಟಿಕ್ ಸೋಡಾ ನೀರು ಹಾಯಿಸುತ್ತಾರೆ. ಅದರಲ್ಲಿ ಹಳೆಯ ರಬ್ಬರ್ ಬಾಳುವುದಿಲ್ಲ. ಆದರೆ ರಬ್ಬರಿನದೇ ದೋಷ ಎಂದು ಒಬ್ಬರಿಗೆ ಬರೆದುಕೊಟ್ಟರೆ, ಅದೇ ಪಂಪ್ ಕೊಂಡ ಮಿಕ್ಕವರೆಲ್ಲ ಸಾಲಾಗಿ ನಿಲ್ಲುತ್ತಾರೆ. ಆದ್ದರಿಂದ ಕಂಪನಿ, 'ಜೋಡಣೆಯಲ್ಲಿ ಅಜಾಗರೂಕತೆ ಆಗಿದೆ, ಸಂಬಂಧಪಟ್ಟ ನೌಕರನ ಮೇಲೆ ಕ್ರಮ ಜರುಗಿಸಲಾಗಿದೆ' ಎಂದು ಉತ್ತರ ಕೊಟ್ಟಿತು. ಹಾಗೆ ಬರೆದ ಮೇಲೆ ಒಬ್ಬ ನೌಕರ ಬೇಕಲ್ಲ. ಆ ಪಂಪುಗಳ ಜೋಡಣೆ ಚೀಟಿಯಲ್ಲಿ ಗಂಗಹನುಮಯ್ಯನವರ ಹೆಸರಿತ್ತು. ಚಾರ್ಜ್‌ಶೀಟ್ ಕೊಟ್ಟರು, ಸಸ್ಪೆಂಡ್ ಮಾಡಿದರು, ಆದೇಶದ ಪ್ರತಿಯನ್ನು ಗೇಟಿನ ಬಳಿಯ ಬೋರ್ಡಿಗೆ ಅಂಟಿಸಿದರು.

ಅಂಥದು ರುಜುವಾತಾದರೆ ಕೆಲಸವೇ ಹೋಗುತ್ತದೆ. ಮೂರು ದಿನ ಬಿಟ್ಟು ಅವರ ಮನೆಗೆ ಹೋಗಿದ್ದೆ. ಸುತ್ತಲೂ ಹೊಲ ಮಾರಿದವರ ನಾಲ್ಕಂತಸ್ತಿನ ಬಾಡಿಗೆ ಮನೆಗಳು, ನಡುವೆ ಇವರದೊಂದು ಹೆಂಚಿನ ಮನೆ. ಇವರಿಗೆ ಮಾರಲು ಹೊಲವಿರಲಿಲ್ಲ, ಕೈಕೆಲಸ ಒಂದೇ ಇದ್ದದ್ದು.

"ಕೆಲ್ಸ ಓದ್ರೆ ಇನ್ನೆಲ್ಲಾದ್ರೂ ಸ್ಪ್ಯಾನರ್ ಇಡೀತೀನಿ ಮೇಡಂ" ಎಂದರು ಗಂಗಹನುಮಯ್ಯ. "ಆದ್ರೆ ಸೀಲ್ ಕೂರ್ಸಕ್ ಬರ್ದೋನು ಅಂತ ಎಸ್ರು ಬಂದ್ಮೇಲೆ ಯಾವನ್ ಕೊಡ್ತಾನೆ ಸ್ಪ್ಯಾನರು? ನಿನ್ನೆ ನಮ್ ಬಾಮೈದ ಬಂದು, 'ಏನ್ ಭಾವ, ರಬ್ಬರ್ ತಿರುಗ್‌ಮುರುಗ್ ಆಕ್ಬುಟ್ಟಾ?' ಅಂತಾನೆ. ಅವನು ಸೈಕಲ್ ಪಂಚರ್ ಆಕಕ್ಕೂ ಬರ್ದೋನು."

ಅವರ ಹೆಂಡತಿ ಕಾಫಿ ಕೊಟ್ಟು, "ನೀವು ಓದಿರೋರು, ಒಂದ್ ಮಾತ್ ಏಳ್ಬಾರ್ದಾ?" ಎಂದರು. ನೋಡೋಣ ಎಂದು ಹೇಳಿ ಎದ್ದುಬಂದೆ. 'ನೋಡೋಣ' ಕೂಡ ಶೇಷಾದ್ರಿ ಸಾರ್ ಪಟ್ಟಿಯದೇ ಪದ.

ವಿಚಾರಣೆಗೆ ಹೊರಗಿನಿಂದ ಒಬ್ಬ ನಿವೃತ್ತ ಕಾರ್ಮಿಕ ಅಧಿಕಾರಿಯನ್ನು ಕರೆಸಿದರು. ಗಂಗಹನುಮಯ್ಯನವರು ನನ್ನ ಸುದ್ದಿಪತ್ರವನ್ನೇ ದಾಖಲೆಯಾಗಿ ಕೊಟ್ಟರು. ಬರೆದವಳು ನಾನಾದ್ದರಿಂದ ನನ್ನನ್ನು ಸಾಕ್ಷಿಗೆ ಕರೆದರು. ಹಿಂದಿನ ದಿನ ಶೇಷಾದ್ರಿ ಸಾರ್ ಕ್ಯಾಬಿನ್ನಿಗೆ ಕರೆದು ಕೂರಿಸಿದರು. ಕೂರಿಸಿದ್ದೇ ಅದು ಮೊದಲ ಸಲ.

"ಏನಿಲ್ಲ ಜಯಮ್ಮ, ಸುಧಾರಿತ ಅನ್ನೋದು ಸುಮ್ನೆ ಮಾರ್ಕೆಟಿಂಗ್ ಪದ. ಅಷ್ಟ್ ಹೇಳಿ ಬಂದ್ಬಿಡಿ."

"ಹಳೇದ್ರಲ್ಲಿ ಏನಾಗಿತ್ತು ಅಂತ ಕೇಳಿದ್ರೆ ಸಾರ್?"

"ಕೇಳಲ್ಲ."

"ಕೇಳಿದ್ರೆ?"

"ನೀವೇನ್ ಇಂಜಿನಿಯರಾ? ಬಿ.ಎ. ತಾನೆ? ನಂಗ್ ಗೊತ್ತಿಲ್ಲ ಸಾರ್ ಅನ್ನಿ. ಯಾರ್ ಬೇಕಾದ್ರೂ ನಂಬ್ತಾರೆ."

ಅವರು ನನ್ನನ್ನು ಅವಮಾನಿಸಲು ಹೇಳಿದ್ದಲ್ಲ. ಉಪಕಾರ ಎಂದುಕೊಂಡೇ ಹೇಳಿದರು. ಮನೆಗೆ ಬಂದು ಅನ್ನಕ್ಕಿಟ್ಟಾಗಲೂ ಆ 'ತಾನೆ' ಕಿವಿಯಲ್ಲಿತ್ತು. ಆರು ವರ್ಷ ಓದಿ ಸಂಪಾದಿಸಿದ್ದು ಗೊತ್ತಿಲ್ಲ ಎನ್ನುವ ಅಧಿಕಾರವೇ ಎನಿಸಿತು. ಭಯವೂ ಇತ್ತು, ಸುಳ್ಳು ಹೇಳುವುದಿಲ್ಲ. ಗಂಡ ತೀರಿಕೊಂಡು ವರ್ಷವಾಗಿತ್ತು, ಮನೆ ನನ್ನ ಸಂಬಳದ ಮೇಲೆ ನಡೆಯುತ್ತಿತ್ತು. ಬೆಳಿಗ್ಗೆ ಆಫೀಸಿಗೆ ಹೋಗಿ ಆ ಸಂಚಿಕೆಯ ಫೈಲನ್ನು ಬ್ಯಾಗಿಗೆ ಹಾಕಿಕೊಂಡೆ. ಅದನ್ನು ತೆಗೆಯುತ್ತೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಕ್ಯಾಂಟೀನಿನ ಮೇಲಿನ ಕೋಣೆಯಲ್ಲಿ ವಿಚಾರಣೆ. ಕಂಪನಿಯ ಕಡೆಯಿಂದ, ನೌಕರರ ವ್ಯವಹಾರ ನೋಡಿಕೊಳ್ಳುವ ಪರ್ಸನಲ್ ಆಫೀಸರ್ ಮೋಹನ್ ರಾವ್ ಕೂತಿದ್ದರು. ಅವರು ಕೇಳಿದ ಪ್ರಶ್ನೆಗೆ, ಸುಧಾರಿತ ಎಂಬುದನ್ನು ನಾವು ಆಗಾಗ ಬಳಸುತ್ತೇವೆ ಎಂದೆ. ಅದು ನಿಜವೇ. ರಾಯರು ಸಮಾಧಾನದಿಂದ ಪೆನ್ನಿನ ಮುಚ್ಚಳ ಹಾಕಿದರು. ಆರೋಪಿಗೆ ಏನಾದರೂ ಕೇಳುವುದಿದೆಯೇ ಎಂದರು ವಿಚಾರಣಾಧಿಕಾರಿ.

ಗಂಗಹನುಮಯ್ಯ ಎದ್ದು ನಿಂತರು. "ಮೇಡಂ, ನೀವು ಕನ್ನಡದಲ್ಲೇ ಬಿ.ಎ. ಮಾಡಿರೋರು. ನಂಗೆ ಒಂದ್ ಮಾತ್ ಏಳಿ. ನಾವು ಯಾರ್ನಾದ್ರೂ 'ಸುಧಾರಿಸ್ಕೊಂಡ್ರಾ' ಅಂತ ಕೇಳ್ತೀವಲ್ಲ, ಯಾರ್ನ ಕೇಳೋದು?"

"ಹುಷಾರಿಲ್ಲದೆ ಮಲಗಿದ್ದವರನ್ನ" ಎಂದೆ. ಬಾಯಿ ತಾನಾಗಿ ಹೇಳಿತು.

"ಗುಂಡ್‌ಕಲ್ಲಂಗೆ ಓಡಾಡ್ತಿರೋನ್ನ ಕೇಳ್ತೀವಾ?"

"ಇಲ್ಲ."

"ಅಷ್ಟೇ ಸ್ವಾಮಿ" ಎಂದು ಕೂತರು.

ಮೋಹನ್ ರಾಯರು, "ಅಬ್ಜೆಕ್ಷನ್, ಇದು ಪಂಪಿನ ವಿಚಾರಣೆ, ಜ್ವರದ್ದಲ್ಲ" ಎಂದರು. ವಿಚಾರಣಾಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಇರ್ಲಿ ರಾಯರೇ. ಏನಮ್ಮಾ, ಹಾಗಾದ್ರೆ ಹಳೇ ಸೀಲಿಗೆ ಏನ್ ಕಾಯಿಲೆ ಇತ್ತು?"

ನಾನು ಇಂಜಿನಿಯರ್ ಅಲ್ಲ ಸಾರ್ ಎಂದು ಶುರು ಮಾಡಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಬ್ಯಾಗು ತೆರೆದು ಫೈಲ್ ತೆಗೆದೆ. ಸುದ್ದಿ ಬರೆಯಲೆಂದು ಡಿಸೈನ್ ವಿಭಾಗದವರು ನನಗೆ ಕಳಿಸಿದ್ದ ಚೀಟಿ ಅದರಲ್ಲಿತ್ತು: ಬಿಸಿ ಸೋಡಾ ನೀರಿನಲ್ಲಿ ಹಳೆಯ ರಬ್ಬರ್ ಕೆಡುತ್ತಿದೆ, ಆದ್ದರಿಂದ ಬೇರೆ ರಬ್ಬರ್ ಹಾಕಲಾಗಿದೆ. ನನ್ನನ್ನು ನಂಬಿ ಕೊಟ್ಟಿದ್ದ ಕೆಲಸವೇ ಅದು, ಆ ಎರಡು ಸಾಲನ್ನು ಒಂದು ಪದಕ್ಕೆ ಇಳಿಸುವುದು. ಚೀಟಿಯನ್ನು ಅವರ ಮುಂದಿಟ್ಟೆ. ಅವರೇ ಓದಿಕೊಂಡರು.

ಶೇಷಾದ್ರಿ ಸಾರ್ ಆರು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಬೇಕಾದದ್ದನ್ನು ಚೀಟಿ ಬರೆದು ಕಳಿಸುವರು. ಕೆಲಸ ಮೊದಲಿಗಿಂತ ಬೇಗ ಮುಗಿಯುತ್ತಿತ್ತು. ಆ ವರ್ಷದ ಪ್ರಮೋಷನ್ ಪಟ್ಟಿಯಲ್ಲಿ ನನ್ನ ಬಗ್ಗೆ ಬರೆಯುವಂಥದ್ದೇನೂ ಇರಲಿಲ್ಲ.

ಆರೋಪ ರುಜುವಾತಾಗಿಲ್ಲ ಎಂದು ವರದಿ ಬಂತು. ಕಂಪನಿ ಗಂಗಹನುಮಯ್ಯನವರಿಗೆ ಪತ್ರ ಕೊಟ್ಟಿತು. ಅದನ್ನು ಹಿಡಿದುಕೊಂಡು ನೇರ ನನ್ನ ಮೇಜಿಗೆ ಬಂದರು. 'ಮಾನವೀಯತೆಯ ದೃಷ್ಟಿಯಿಂದ ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ, ಇನ್ನು ಮುಂದೆ ಜಾಗರೂಕತೆಯಿಂದ ಇರತಕ್ಕದ್ದು' ಎಂಬುದು ಅದರ ಸಾರ.

"ನಾನ್ ತಪ್ ಮಾಡಿಲ್ಲ ಅಂತ ಇದ್ರಲ್ಲಿ ಎಲ್ಲೈತೆ ಮೇಡಂ?"

"ಇಲ್ಲ."

"ಬೋರ್ಡಿಗೆ ಅಂಟ್ಸಿದ್ನ ಇಡೀ ಫ್ಯಾಕ್ಟ್ರಿ ಓದೈತೆ. ಇದ್ನ ನಾನೊಬ್ನೇ ಓದ್ಕೊಂಡು ಮಡಿಚಿಟ್ಕಬೇಕಾ?" ಪತ್ರವನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದರು, "ನಿಮ್ ಪೇಪರ್‌ನಾಗೆ ಒಂದೇ ಒಂದ್ ಲೈನ್ ಬರೀಬೋದಾ?"

ಆ ಲೈನು ಇಂಗ್ಲಿಷ್ ಪುಟದಲ್ಲಿ ನಾಲ್ಕು ಸಹಿ ದಾಟುವುದಿಲ್ಲ. ಕನ್ನಡ ಪುಟದಲ್ಲಿ ದಾಟಬೇಕಾದದ್ದು ನಾನೊಬ್ಬಳೇ. ಬರೆದೆ: 'ಹಳೆಯ ಸೀಲುಗಳು ಸೋರಿದ್ದು ರಬ್ಬರಿನ ದೋಷದಿಂದ. ಜೋಡಣೆ ಸರಿಯಾಗಿತ್ತು, ಜೋಡಿಸಿದ ಶ್ರೀ ಗಂಗಹನುಮಯ್ಯನವರ ತಪ್ಪೇನೂ ಇರಲಿಲ್ಲ.' ಕೈಬರಹದಲ್ಲಿ ಹಾಗೆಯೇ ಬರೆದಿದ್ದೆ. ಟೈಪ್ ಮಾಡುವಾಗ ಯಾರಾದರೂ ಹಿಂದೆ ಬಂದು ನಿಂತಾರು ಎಂಬ ಅಂಜಿಕೆ. ಅದೇ ಪುಟದಲ್ಲಿ ಸ್ಟೋರ್ಸಿನ ಗಂಗಾಧರಯ್ಯ ರಕ್ತದಾನ ಮಾಡಿದ ಸುದ್ದಿಯನ್ನು ಆಗತಾನೇ ಟೈಪ್ ಮಾಡಿದ್ದೆ. ಬೆರಳು ಎರಡನೆಯ ಸಲವೂ ಗಂಗಾಧರಯ್ಯ ಎಂದೇ ಹೊಡೆಯಿತು. ನನ್ನ ಜೀವನದ ಅತಿ ಧೈರ್ಯದ ಸಾಲನ್ನು ನಾನು ಕರಡು ತಿದ್ದದೆ ಪ್ರೆಸ್ಸಿಗೆ ಕಳಿಸಿದೆ. ಕರಡು ನೋಡುತ್ತಿದ್ದ ಗಂಗಹನುಮಯ್ಯನವರಿಗೂ ಈ ಸಲ ತೋರಿಸಲಿಲ್ಲ. ಅಚ್ಚಾದ ಮೇಲೆ ನೋಡಿ ಖುಷಿಪಡಲಿ ಎಂದುಕೊಂಡಿದ್ದೆ.

ಖುಷಿಪಟ್ಟವರು ಯಾರೂ ಇಲ್ಲ. ಗಂಗಹನುಮಯ್ಯ ಸಂಚಿಕೆಯನ್ನು ನನ್ನ ಮೇಜಿನ ಮೇಲಿಟ್ಟು, "ಎಲ್ಲಾ ಸರಿಯಾಗೈತೆ ಮೇಡಂ. ಎಸ್ರು ಒಂದ್ ಬುಟ್ಟು" ಎಂದು ಹೇಳಿ ಹೋದರು. ಬೈದಿದ್ದರೆ ವಾಸಿಯಿತ್ತು.

ಅತ್ತ ಸ್ಟೋರ್ಸಿನ ಗಂಗಾಧರಯ್ಯ ಗಾಬರಿಯಾಗಿ ಮೋಹನ್ ರಾಯರ ಮುಂದೆ ನಿಂತಿದ್ದರು. "ಸಾರ್, ನಾನು ಬೋಲ್ಟ್ ಎಣಿಸೋನು. ನಾನ್ಯಾಕ್ ಸೀಲ್ ಜೋಡಿಸ್ಲಿ? ನನ್ ತಪ್ಪಿಲ್ಲ ಅಂತ ಪೇಪರ್‌ನಲ್ಲಿ ಹಾಕಿದ್ರೆ ಏನೋ ತಪ್ಪು ಮಾಡಿದೀನಿ ಅಂತ ತಾನೆ ಅರ್ಥ? ಮಗಳ ಮದುವೆ ಮಾತುಕತೆ ನಡೀತಿದೆ. ಈಗ್ಲೇ ಸರಿ ಮಾಡ್ಸಿ."

ರಾಯರು ನನ್ನನ್ನು ಕರೆಸಿದರು. ಕೆಲಸ ಹೋಯಿತೆಂದುಕೊಂಡೇ ಹೋದೆ. ಅವರು ಸಂಚಿಕೆಯನ್ನು ತಿರುಗಿಸಿಯೂ ನೋಡಿರಲಿಲ್ಲ. "ಏನಮ್ಮಾ, ಒಬ್ರ ಹೆಸ್ರು ಸರಿಯಾಗ್ ಹಾಕಕ್ಕಾಗಲ್ವಾ? ನೌಕರರ ಹೆಸರಿನ ವಿಷ್ಯ ಇದು. ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕಿ. ಸುಮ್ನೆ ಹಾಕ್ಬೇಡಿ, ನಾಲ್ಕೂ ಜನರ ಸಹಿ ತಗೊಂಡೇ ಹಾಕಿ."

ಸರಿ ಸಾರ್ ಎಂದೆ.

ತಿದ್ದುಪಡಿ ಎಂದ ಮೇಲೆ ಪೂರ್ತಿ ಸಾಲನ್ನು ಕೊಡಬೇಕಲ್ಲ. 'ಕಳೆದ ಸಂಚಿಕೆಯಲ್ಲಿ ಹೆಸರು ತಪ್ಪಾಗಿ ಅಚ್ಚಾಗಿದೆ. ಹೀಗೆ ಓದಿಕೊಳ್ಳಬೇಕು' ಎಂದು ಬರೆದು, ಕೆಳಗೆ ಇಡೀ ಸಾಲನ್ನು, ರಬ್ಬರಿನ ದೋಷವನ್ನೂ ಸೇರಿಸಿ, ಈ ಸಲ ಮೂರು ಬಾರಿ ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿದೆ. ಫೈಲಿನ ಮೇಲೆ ಇಂಗ್ಲಿಷಿನಲ್ಲಿ, 'ಹೆಸರಿನ ತಿದ್ದುಪಡಿ, ಒಪ್ಪಿಗೆಗಾಗಿ' ಎಂದು ಚೀಟಿ ಹಚ್ಚಿದೆ. ಫೈಲು ಬೆಳಿಗ್ಗೆ ಹೋಯಿತು, ಮಧ್ಯಾಹ್ನದ ಟೀ ಹೊತ್ತಿಗೆ ನಾಲ್ಕು ಸಹಿ ಹೊತ್ತು ಬಂತು. ಶೇಷಾದ್ರಿ ಸಾರ್ ಅವರದು ಎಲ್ಲಕ್ಕಿಂತ ಮೇಲೆ, ದುಂಡಗೆ. ಶಾಪ್ ಫ್ಲೋರಿನಲ್ಲಿ ಇದನ್ನು ಬಿ.ಎ. ಮೇಡಂ ಕಿತಾಪತಿ ಎಂದು ಇವತ್ತಿಗೂ ಹೇಳುತ್ತಾರಂತೆ. ಅಷ್ಟು ಬುದ್ಧಿ ನನಗಿರಲಿಲ್ಲ. ಅದು ಶುದ್ಧ ಬೆರಳಿನ ತಪ್ಪು.

ಸಂಚಿಕೆ ಬಂದ ದಿನ ಗಂಗಹನುಮಯ್ಯ ಮತ್ತೆ ಬಂದರು. ತಮ್ಮ ಹೆಸರನ್ನು ಬೆರಳಿಟ್ಟು ಓದಿಕೊಂಡರು. ಆಮೇಲೆ, "ಸಹಿ ಇರೋ ಪೇಪರ್‌ನ ಒಂದ್ ಜೆರಾಕ್ಸ್ ಕೊಡಿ ಮೇಡಂ" ಎಂದರು. ಕೊಟ್ಟೆ. ಬೆಳಕಿಗೆ ಹಿಡಿದು ನೋಡಿ, ಯಾರ್‍ಯಾರದು ಯಾವುದು ಎಂದು ಕೇಳಿ ತಿಳಿದುಕೊಂಡರು.

"ಇವ್ರೆಲ್ಲ ಓದಿ ಆಕವ್ರಾ, ಅಂಗೇ ಆಕವ್ರಾ?"

"ಹಾಗೇ ಹಾಕಿದಾರೆ" ಎಂದೆ. "ಇದ್ರಲ್ಲಿ ಎರಡು ಸಹಿ ನಿಮ್ಮ ಚಾರ್ಜ್‌ಶೀಟಿನಲ್ಲೂ ಇವೆ ನೋಡಿ. ಅದನ್ನೂ ಇಂಥದೇ ಫೈಲಲ್ಲಿ, ಇದೇ ಟೀ ಹೊತ್ತಲ್ಲಿ ಹಾಕಿದ್ದು."

ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಅಂಗಾದ್ರೆ ಲೆಕ್ಕ ಸರಿಗ್ ಸರಿ ಆಯ್ತು ಬುಡಿ" ಎಂದು ಅಸೆಂಬ್ಲಿಗೆ ಹೋದರು. ಅಂದು ಅವರ ಮೇಜಿನ ಮೇಲೆ ಸುಧಾರಿತ ಸೀಲಿನ ಎಂಟು ಪಂಪುಗಳು ಕಾಯುತ್ತಿದ್ದವು.